ಗುಹೆಯಲ್ಲಿ ನಾಲ್ಕು ವಾರ

ಅಕ್ಕೋರ ಬಲಗೈಯ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಉಳಿದ ಬೆರಳುಗಳಲ್ಲಿ ಸೀಮೆಸುಣ್ಣದ ಬಿಳಿ, ಅದೊಂದರಲ್ಲಿ ಮಸಿ. ಶಾಲೆಯವರು ಅದನ್ನು ಒಲೆಯ ಮಸಿ ಎಂದುಕೊಂಡಿದ್ದರು, ಮನೆಯವರು ಶಾಲೆಯ ಶಾಯಿ ಎಂದುಕೊಂಡಿದ್ದರು. ಅದು ಪತ್ರಿಕೆಯ ಮಸಿ ಎಂಬುದು ಹೊನ್ನಾವರದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಪತ್ರಿಕೆ ಒದಗಿಸುತ್ತಿದ್ದವನು ನಾನೇ.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ನನಗೆ ಎರಡನೇ ಇಯತ್ತೆಯಲ್ಲಿ ಕಲಿಸಿದವರು, ನೆರೆಮನೆಯವರು ಕೂಡ. ಹದಿನಾರನೇ ವಯಸ್ಸಿಗೆ ವಿಧವೆಯಾಗಿ ಅಣ್ಣನ ಮನೆಗೆ ಬಂದಿದ್ದರು. ಅಣ್ಣ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನ. ಊರವರ ಮಾತಿಗೆ ಕಿವಿಗೊಡದೆ ತಂಗಿಯನ್ನು ಓದಿಸಿ ನೌಕರಿಗೆ ಸೇರಿಸಿದವರು ಅವರು. ಅದನ್ನು ಇಲ್ಲಿ ಹೇಳಲೇಬೇಕು. ಶಾಲೆ ಬಿಟ್ಟ ಹೊತ್ತಿಗೂ ಮನೆಯ ಬೇಲಿಬಾಗಿಲಿನ ದಣಪೆ ಸರಿದ ಹೊತ್ತಿಗೂ ನಡುವೆ ಎಷ್ಟು ನಿಮಿಷ ಎಂದು ಗಡಿಯಾರ ನೋಡುತ್ತಿದ್ದವರೂ ಅವರೇ.

"ಶಾಲೆಯಿಂದ ಮನೆಗೆ ಎಂಟು ನಿಮಿಷ ತಮಾ," ಎಂದು ಅಕ್ಕೋರು ಒಮ್ಮೆ ಹೇಳಿದ್ದರು. "ಹತ್ತಾದ್ರೆ ಅಣ್ಣ ಯಾರು ಸಿಕ್ಕಿದ್ರು ಕೇಳ್ತ. ಆರಾದ್ರೆ ಎಂತಕ್ಕೆ ಓಡಿ ಬಂದೆ ಕೇಳ್ತ."

ನಾನು ಆಗಷ್ಟೇ ವಾರಪತ್ರಿಕೆಯೊಂದಕ್ಕೆ ಸ್ಥಳೀಯ ಬಾತ್ಮೀದಾರನಾಗಿದ್ದೆ. ಬೊಂಬಾಯಿಯ ಪತ್ರಿಕೆಗಳನ್ನೂ ತರಿಸುತ್ತಿದ್ದೆ. ಓದಿ ಮುಗಿದ ಕಟ್ಟು ಶಾಲೆಯ ಕೈಗೆಲಸಕ್ಕೆಂಬ ನೆಪದಲ್ಲಿ ಬೇಲಿ ದಾಟುತ್ತಿತ್ತು. ಅಕ್ಕೋರು ಅದರಿಂದ ವಾರವಾರ ಬರುತ್ತಿದ್ದ ಚಿತ್ರಕಥೆಯ, ಅಂದರೆ ಕಾಮಿಕ್ಸಿನ, ಪಟ್ಟಿಗಳನ್ನು ಬ್ಲೇಡಿನಿಂದ ಕತ್ತರಿಸಿ, ವಾರದ ಕ್ರಮದಲ್ಲಿ ಜೋಡಿಸಿ, ಹಳೆಯ ಹಾಜರಿ ಪುಸ್ತಕದ ಹಾಳೆಗಳಿಗೆ ಸೂಜಿ-ದಾರದಲ್ಲಿ ಹೊಲಿಯುತ್ತಿದ್ದರು. ಅಂಟು ಹಚ್ಚಿದರೆ ಜಿರಲೆ ತಿನ್ನುತ್ತದೆ. ಅಂಥ ಒಂಬತ್ತು ಪುಸ್ತಕಗಳು ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿದ್ದವು.

"ಮಕ್ಕಳಿಗೆ ತೋರ್ಸೂಕಾ ಅಕ್ಕೋರೆ?"

"ಮಕ್ಕಳಿಗೆ ಎಂತಕ್ಕೆ? ನಂಗೆ."

ಒಮ್ಮೆ ಒಂದು ಬಿಡಿಹಾಳೆ ಅಣ್ಣನ ಕೈಗೆ ಸಿಕ್ಕಿತ್ತು. ಅವರು ಅದನ್ನು ಬಚ್ಚಲ ಒಲೆಗೆ ಹಾಕಿ, "ಮಕ್ಕಳಿಗೆ ಬುದ್ಧಿ ಹೇಳೂವಳು ಬೊಂಬೆ ನೋಡ್ತಾಳೆ ಅಂದ್ರೆ ಊರು ನಗ್ತದೆ. ಇನ್ನೊಂದು ಕಂಡ್ರೆ ಎಲ್ಲಾ ಇದ್ರಲ್ಲೇ," ಎಂದಿದ್ದರು. ಅವರು ಹೇಳಿದ್ದನ್ನು ಮಾಡುವವರು. ಆಮೇಲೆ ಟ್ರಂಕಿನ ಬೀಗದ ಕೈ ಅಕ್ಕೋರ ಸೊಂಟ ಬಿಟ್ಟು ಇಳಿಯಲಿಲ್ಲ.

ಮಳೆಗಾಲದಲ್ಲಿ ಬೊಂಬಾಯಿಯ ಆಗಬೋಟು, ಅಂದರೆ ಉಗಿಹಡಗು, ನಿಲ್ಲುತ್ತಿತ್ತು. ಪತ್ರಿಕೆಯ ಕಟ್ಟು ಘಟ್ಟ ಸುತ್ತಿ ಬರಬೇಕು. ಕೆಲವು ಒದ್ದೆಯಾಗಿ ಬರುತ್ತಿದ್ದವು, ಕೆಲವು ಬರುತ್ತಲೇ ಇರಲಿಲ್ಲ. ಹಾಗಾಗಿ ಅಕ್ಕೋರ ಪ್ರತಿ ಕಥೆಯಲ್ಲೂ ಆಷಾಢ, ಶ್ರಾವಣಗಳಿಗೆ ತೂತು ಬೀಳುತ್ತಿತ್ತು. ಒಂದು ಕಥೆಯಲ್ಲಿ ನಾಯಕ ಗುಹೆಯೊಳಗೆ ಹೋದ, ಅದರ ಬಾಯಿಗೆ ಬಂಡೆ ಉರುಳಿತು. ಮುಂದಿನ ಕಟ್ಟು ಬಂದಾಗ ಅವನು ಕುದುರೆಯ ಮೇಲಿದ್ದ. ನಡುವಿನ ನಾಲ್ಕು ವಾರ ಇಲ್ಲ. ಎರಡು ವರ್ಷ ಅಕ್ಕೋರು ನನ್ನನ್ನು ಕಂಡಾಗೆಲ್ಲ ಕೇಳಿದರು: "ಹ್ಯಾಂಗೆ ಹೊರಗೆ ಬಿದ್ದ ಮಾರಾಯ?"

ಅರವತ್ತರ ದಶಕದ ಮೊದಲಲ್ಲಿ ಕುಮಟಾದ ಕೆಲವು ಉತ್ಸಾಹಿಗಳು ಚಿತ್ರಕಥೆ ಸಂಗ್ರಾಹಕರ ಮೇಳವೊಂದನ್ನು ನಡೆಸಿದರು. ಕರಾವಳಿಯವರೆಲ್ಲ ತಮ್ಮ ಸಂಗ್ರಹದೊಂದಿಗೆ ಬರಬೇಕೆಂದು ಕರೆಯಿತ್ತು. ವರದಿಗೆ ನನಗೂ ಆಹ್ವಾನ ಬಂತು. ಅಕ್ಕೋರಿಗೆ ಹೇಳಿದೆ. ಮೂರನೇ ದಿನ ಬೇಲಿಯ ಹತ್ತಿರ ಬಂದು, "ಭಾನುವಾರ ಕುಮಟಾದಲ್ಲಿ ಶಿಕ್ಷಕರ ಸಭೆ ಅದೆ ಅಂತ ಅಣ್ಣಂಗೆ ಹೇಳಿದೆ," ಎಂದರು. ನನಗೆ ತಿಳಿದಂತೆ ಅವರು ಹೇಳಿದ ಸುಳ್ಳು ಅದೊಂದೇ.

ಒಂದು ಸಭಾಂಗಣದಲ್ಲಿ ಬೆಂಚುಗಳನ್ನು ಸುತ್ತ ಜೋಡಿಸಿದ್ದರು. ಬಂದವರು ಮೂವತ್ತು ಜನ ಇರಬಹುದು, ಹೆಂಗಸು ಇವರೊಬ್ಬರೇ. ಹೆಚ್ಚಿನವರ ಬಳಿ ಅಚ್ಚಾದ ಪುಸ್ತಕಗಳಿದ್ದವು. ಪತ್ರಿಕೆಯಿಂದ ಕತ್ತರಿಸಿದ್ದಕ್ಕೆ ಅಲ್ಲಿ ಮರ್ಯಾದೆ ಕಡಿಮೆ. ಅಕ್ಕೋರು ಹಾಜರಿ ಪುಸ್ತಕ ತೆಗೆದದ್ದೇ ಕುಮಟಾದವರೊಬ್ಬರು ನಕ್ಕರು.

"ಎಂತ ಅಕ್ಕೋರೆ, ಹಾಜರಿ ತೆಗೀತ್ರೋ?"

"ತೆಗೀತೆ. ಮೊದ್ಲು ನೀವು ಎದ್ದು ನಿಲ್ಲಿ."

ಅವರು ನಿಜಕ್ಕೂ ಎದ್ದು ನಿಂತರು. ಇಡೀ ಸಭಾಂಗಣ ಗೊಳ್ಳೆಂದಿತು. ಆಮೇಲೆ ಜನ ಆ ಬೆಂಚಿನ ಸುತ್ತಲೇ ಸೇರಿದರು.

ಭಟ್ಕಳದ ಜವಳಿ ವ್ಯಾಪಾರಿ, ವಯಸ್ಸಾದ ಸಾಹೇಬರೊಬ್ಬರು ಪುಸ್ತಕದ ಹೊಲಿಗೆ ಮುಟ್ಟಿ ನೋಡಿದರು. ಅವರಿಗೆ ಬೊಂಬಾಯಿಯಲ್ಲೂ ಅಂಗಡಿ. "ಅಕ್ಕೋರೆ, ಇಲ್ಲಿ ನಾಲ್ಕು ವಾರ ಗಾಯಬ್. ನನ್ನ ಹತ್ತಿರ ಉಂಟು," ಎಂದು ಪೆಟ್ಟಿಗೆಯಿಂದ ಮಸ್ಲಿನ್ ಬಟ್ಟೆಯ ಗಂಟು ತೆಗೆದರು. ಅಕ್ಕೋರು ನಿಂತಲ್ಲೇ ಓದಿದರು. ಮುಗಿದದ್ದೇ ನಕ್ಕುಬಿಟ್ಟರು.

"ತಮಾ, ನಾಕು ವಾರ ಬರೀ ಕತ್ತಲೆ ಬಿಡ್ಸಿದಾರೆ! ಅವ ಕೂತ್ಕಂಡು ಚಮಚದಲ್ಲಿ ಮಣ್ಣು ಕೆರೀತ."

"ಇಟ್ಕೊಳ್ಳಿ," ಎಂದರು ಸಾಹೇಬರು.

"ಇಲ್ಲ. ನನ್ನದ್ರ ನಡುವೆ ಇಟ್ಟು ನೋಡಿ ಕೊಡ್ತೆ. ಮುಂದಿನ ಮೇಳಕ್ಕೆ ವಾಪಸ್."

ಮರಳುವ ಬಸ್ಸು ಹತ್ತುವ ಮುಂಚೆ ನನಗೆ ಹೇಳಿದರು: "ಪೇಪರಲ್ಲಿ ನನ್ನ ಹೆಸರು ಹಾಕ್ಬೇಡ."

ಹಾಕಲಿಲ್ಲ. ಆದರೆ ನಮ್ಮ ಪತ್ರಿಕೆಯಲ್ಲೊಂದು ರೂಢಿಯಿತ್ತು: ಬೇರೆ ಊರಿನ ಸಮಾರಂಭದ ವರದಿಯಲ್ಲಿ ಬಾತ್ಮೀದಾರ ತನ್ನ ಊರಿನವರನ್ನು ಒಂದು ಸಾಲಿನಲ್ಲಾದರೂ ತರಬೇಕು, ಇಲ್ಲದಿದ್ದರೆ ಆ ಊರಲ್ಲಿ ಅದನ್ನು ಓದುವವರಿಲ್ಲ. ನಾನು ಬರೆದೆ: "ಹೊನ್ನಾವರದ ಓರ್ವ ಶಿಕ್ಷಕಿ ತಮ್ಮ ಒಂಬತ್ತು ಸಂಪುಟಗಳೊಂದಿಗೆ ಭಾಗವಹಿಸಿದ್ದು ವಿಶೇಷವಾಗಿತ್ತು." ಹೆಸರಿಲ್ಲ, ಅವರ ಮಾತು ನಡೆಸಿದೆ ಎಂದುಕೊಂಡೆ. ಆಗ ಊರಲ್ಲಿ ಶಿಕ್ಷಕಿಯರು ಇದ್ದದ್ದೇ ಮೂವರು. ಒಬ್ಬರು ಹೆರಿಗೆಗೆ ತವರಿಗೆ ಹೋಗಿದ್ದರು. ಇನ್ನೊಬ್ಬರು ಆ ಭಾನುವಾರ ಊರಲ್ಲೇ ಇದ್ದರು.

ಪತ್ರಿಕೆ ಬಂದ ದಿನ ಮಧ್ಯಾಹ್ನ ಅವರ ಬಚ್ಚಲಿನಿಂದ ಹೊಗೆ ಎದ್ದಿತು. ಸ್ನಾನದ ಹೊತ್ತಲ್ಲ. ಬೇಲಿಯಾಚೆಗೆ ಅಣ್ಣನ ಧ್ವನಿ ಕೇಳಿಸಿತು, ಜೋರೇನಿಲ್ಲ: "ಶಿಕ್ಷಕರ ಸಭೆ ಅಂದಿದ್ದೆ ನೀನು." ಆಮೇಲೆ ಅಕ್ಕೋರ ಧ್ವನಿ: "ಆ ನಾಕು ಬೇರೆಯವರದ್ದು. ಅದನ್ನ ಸುಡೂಕೆ ನಿಂಗೂ ಹಕ್ಕಿಲ್ಲ, ನಂಗೂ ಇಲ್ಲ."

ಆ ನಾಲ್ಕು ಪಟ್ಟಿಗಳನ್ನು ಅಣ್ಣ ಕೊಟ್ಟರು. ಅವರೂ ನ್ಯಾಯಕ್ಕೆ ತಪ್ಪುವವರಲ್ಲ.

ಅಕ್ಕೋರು ಅವನ್ನು ಬೇಲಿಯ ಮೇಲಿಂದ ನನಗೆ ದಾಟಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ನೀ ಸುಳ್ಳು ಬರೀಲಿಲ್ಲ. ಅದೇ ತೊಂದ್ರೆ ಆತು," ಎಂದರು. "ಸಾಹೇಬ್ರಿಗೆ ಮುಟ್ಸು."

ಮರುದಿನ ಶರಾವತಿಯನ್ನು ಲಾಂಚಿನಲ್ಲಿ ದಾಟಿ, ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಸಾಹೇಬರು ನಡೆದದ್ದನ್ನೆಲ್ಲ ಕೇಳಿದರು. ಒಳಗೆ ಹೋಗಿ ತಮ್ಮಲ್ಲಿ ಎರಡೆರಡು ಪ್ರತಿಯಿದ್ದ ಪುಸ್ತಕಗಳ ಒಂದು ಕಟ್ಟು ತಂದು, "ಇದನ್ನು ಅವರಿಗೆ ಕೊಡಿ," ಎಂದರು. ಕೊಡಲು ಹೋದಾಗ ಅಕ್ಕೋರು ಕಟ್ಟನ್ನು ಬಿಚ್ಚಲೇ ಇಲ್ಲ. "ಇಡೂಕೆ ಜಾಗ ಎಲ್ಲದೆ ಮಾರಾಯ? ಟ್ರಂಕಿನ ಬೀಗ ತೆಗೆಸಿದ್ದಾನೆ." ಅದನ್ನೂ ಮತ್ತೆ ಭಟ್ಕಳಕ್ಕೆ ಒಯ್ದೆ.

ಅನಂತರವೂ ಅವರು ಏಳು ವರ್ಷ ಕಲಿಸಿದರು. ನನ್ನೊಡನೆ ಮಾತು ಬಿಡಲಿಲ್ಲ. ಪತ್ರಿಕೆ ಮಾತ್ರ ಮತ್ತೆ ಕೇಳಲಿಲ್ಲ.

ಅವರು ತೀರಿಕೊಂಡಾಗ ನಾನು ಹುಬ್ಬಳ್ಳಿಯಲ್ಲಿ ಉಪಸಂಪಾದಕನಾಗಿದ್ದೆ. ಹೊನ್ನಾವರದಿಂದ ಸಂತಾಪ ಸಭೆಯ ವರದಿ ನನ್ನ ಮೇಜಿಗೇ ಬಂತು. "ಬಿಡುವಿನ ವೇಳೆಯನ್ನು ಭಜನೆಯಲ್ಲಿ ಕಳೆಯುತ್ತಿದ್ದರು" ಎಂದಿತ್ತು. ಅದನ್ನು ಹೊಡೆದು, "ಚಿತ್ರಕಥೆಗಳ ಸಂಗ್ರಾಹಕಿಯಾಗಿದ್ದರು" ಎಂದು ಸೇರಿಸಿದೆ. ಸಂಪಾದಕರು ಕರಡು ಹಿಡಿದು ಬಂದರು.

"ಇದು ಬಾತ್ಮೀದಾರ ಬರೆದದ್ದಲ್ಲ. ಆಧಾರ ಏನು? ಸಂಗ್ರಹ ಎಲ್ಲಿದೆ?"

ಸಾಹೇಬರು ಆಗಲೇ ಇಲ್ಲವಾಗಿದ್ದರು. ಮೇಳದ ನನ್ನ ಹಳೆಯ ವರದಿಯಲ್ಲಿ ಹೆಸರಿರಲಿಲ್ಲ, ತೋರಿಸಲು ಬೇರೆ ಏನೂ ಇರಲಿಲ್ಲ. ಸಂಗ್ರಹ ಸುಟ್ಟುಹೋಗಲು ಕಾರಣ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಅವರು ಕೆಂಪು ಪೆನ್ಸಿಲಿನಿಂದ ಆ ಸಾಲು ಹೊಡೆದು, ಭಜನೆಯನ್ನು ಮತ್ತೆ ಸೇರಿಸಿದರು. ಪತ್ರಿಕೆ ಹಾಗೆಯೇ ಅಚ್ಚಾಯಿತು.