ಗ್ರೈಂಡರ್ ಶಾಫ್ಟಿಗೆ ಎರಡು ಪಟ್ಟು ಕ್ರೋಮ್

ಕೋಪರಿಯ ನನ್ನ ಹೋಟೆಲಿಗೆ ದೋಸೆ ಹಿಟ್ಟು ಹೊರಗಿನಿಂದ ಬಂದದ್ದೇ ಇರಲಿಲ್ಲ. ತಟ್ಟೆ ತೊಳೆಯುವಲ್ಲಿಂದ ಗಲ್ಲಾಪೆಟ್ಟಿಗೆಯವರೆಗೆ ಬಂದವನಿಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಹಾಗಾಗಿ ಗ್ರೈಂಡರಿನ ಶಾಫ್ಟ್, ಅಂದರೆ ಕಲ್ಲನ್ನು ತಿರುಗಿಸುವ ಉಕ್ಕಿನ ಸರಳು, ಹುಳಿಹಿಟ್ಟಿನ ನೀರು ತಾಗಿ ತಾಗಿ ಸವೆದಾಗ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ನಾನೇ ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿಗೆ ಹೋದೆ.

ಅಲ್ಲಿ ಹಾರ್ಡ್ ಕ್ರೋಮ್ ಮಾಡುವವರೊಬ್ಬರಿದ್ದಾರೆ, ವಿಜಯಪುರ ಕಡೆಯವರು. ಸವೆಯದಂತೆ, ತುಕ್ಕು ಹಿಡಿಯದಂತೆ ಉಕ್ಕಿನ ಮೇಲೆ ಗಟ್ಟಿ ಕ್ರೋಮಿನ ತೆಳು ಪದರ ಕೂರಿಸುವುದು ಅವರ ಕೆಲಸ. ಅರ್ಧ ಗಂಟೆ ಚೌಕಾಸಿ ಮಾಡಿದರೂ ರೇಟು ಇಳಿಯಲಿಲ್ಲ.

"ಎಂತ ಮಾರಾಯ್ರೆ, ರೇಟ್ ಬಿಡುದಿಲ್ಲಾದ್ರೆ ಮಾಲಾದ್ರೂ ಡಬಲ್ ಹಾಕಿ" ಎಂದೆ.

"ಸಾವ್ಕಾರ್ರ, ಇದೇನು ಸೆಟ್ ದ್ವಾಸಿ ಅಲ್ರೀ, ದಪ್ಪ ಹೊಯ್ಯಾಕ. ಸೈಜ್ ಹೋಗತೈತಿ."

ಚಟ್ನಿ ಎರಡೆರಡು ಸಲ ಕೇಳುವ ಗಿರಾಕಿಗಳ ನಡುವೆ ಬದುಕಿದವನು ನಾನು. ಜಾಸ್ತಿ ಸಿಕ್ಕಿದರೆ ನಷ್ಟವೆಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ? ಹಟ ಹಿಡಿದು ದಪ್ಪ ಹಾಕಿಸಿದೆ.

ಕನ್ನಡಿಯಂತೆ ಹೊಳೆಯುತ್ತಿದ್ದ ಶಾಫ್ಟು ಅದು ತಿರುಗಬೇಕಾದ ಬುಷ್ಷಿನೊಳಗೆ ಹೋಗಲೇ ಇಲ್ಲ. ಆ ಟ್ರಾಫಿಕ್ಕಿನಲ್ಲಿ ಮತ್ತೆ ಯಾರು ಹೋಗುತ್ತಾರೆ, ಹೋಗಿ ಅವರ ನಗು ಯಾರು ನೋಡುತ್ತಾರೆ! ನಮ್ಮ ರಿಪೇರಿಯವನಿಗೆ ಹೇಳಿ ಕೈಮಶೀನಿನಲ್ಲಿ ಉಜ್ಜಿಸಿದೆ. ಒಂದು ಮಗ್ಗುಲಲ್ಲಿ ಕ್ರೋಮ್ ಪೂರ್ತಿ ಹೋಗಿ ಕೆಳಗಿನ ಉಕ್ಕು ಬಯಲಾಯಿತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಹೊಳಪು ನೋಡುತ್ತಿದ್ದೆ.

ಮೂರನೇ ವಾರ, ಭಾನುವಾರಕ್ಕೆಂದು ರುಬ್ಬಿದ ಹಿಟ್ಟಿನಲ್ಲಿ ಕಂದು ಗೆರೆ ಕಾಣಿಸಿತು. ತುಕ್ಕು. ಅಷ್ಟೂ ಹಿಟ್ಟನ್ನು ಮೋರಿಗೆ ಸುರಿಸಿದೆ.

ಲೇಪ ಹಾಕಿಸುವವರಿಗೆ ನಾನು ಹೇಳುವುದಿಷ್ಟೇ. ರೇಟಿಗೆ ಬೇಕಾದಷ್ಟು ಜಗಳಾಡಿ, ದಪ್ಪಕ್ಕೆ ಬೇಡ. ಬುಷ್ಷನ್ನೂ ಜೊತೆಗೆ ಒಯ್ದು, ಇದರಲ್ಲಿ ಕೂತು ತಿರುಗಬೇಕು ಎಂದು ತೋರಿಸಿ. ನಾನು ಎರಡನೇ ಸಲ ಒಯ್ದೆ. ಅವರು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಹಳೆಯ ಕ್ರೋಮ್ ತೆಗೆದು ಹೊಸದು ಹಾಕಲು ನಾಲ್ಕು ದಿನ ಎಂದರು.

ಆ ನಾಲ್ಕು ದಿನ ಪ್ಯಾಕೆಟ್ ಹಿಟ್ಟು. ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕೂರುವ ಹಿರಿಯರೊಬ್ಬರು ಒಂದು ತುತ್ತು ತಿಂದು ತಟ್ಟೆ ಸರಿಸಿದರು.

"ನಿಮ್ಮ ಹಿಟ್ಟಲ್ಲ ಇದು."

"ಮಶೀನ್ ರಿಪೇರಿಗೆ ಹೋಗಿದೆ, ಅಣ್ಣಾ."

"ಬಂದ ಮೇಲೆ ಹೇಳಿ. ಅಲ್ಲಿವರೆಗೆ ಚಾ ಮಾತ್ರ ಕೊಡಿ."