ದೊಡ್ಡಪ್ಪನಿಗೆ ಹೊದಿಸಿದ ಶಾಲು

ಕಾಲೇಜಿನ ಸಮಿತಿಗಳಿಗೆ ಆಯ್ಕೆಯಾಗಲು ಯಾವ ಅರ್ಹತೆಯೂ ಬೇಕಿಲ್ಲ, ಸಭೆಗೆ ಗೈರಾದರೆ ಸಾಕು. ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಆ ವರ್ಷದ ಮೊದಲ ಸಭೆಯ ದಿನ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಮರುದಿನ ಊದಿದ ದವಡೆ ಹೊತ್ತು ಬಂದರೆ, ಕ್ರೀಡಾ ಸಮಿತಿಯ ಸಂಚಾಲಕಿ ಎಂದು ನನ್ನ ಹೆಸರು ನೋಟಿಸ್ ಬೋರ್ಡಿನಲ್ಲಿತ್ತು. ದೈಹಿಕ ಶಿಕ್ಷಣದ ಹುದ್ದೆ ವರ್ಷಗಳಿಂದ ಖಾಲಿ ಬಿದ್ದಿತ್ತು. “ಏನೂ ಕೆಲಸ ಇರಲ್ಲ ಮೇಡಂ, ಒಂದು ಸಹಿ ಹಾಕೋದು ಅಷ್ಟೆ” ಎಂದರು ಪ್ರಿನ್ಸಿಪಾಲರು. ಬಾಯಲ್ಲಿ ಹತ್ತಿ ಇದ್ದುದರಿಂದ ನಾನು ವಾದ ಮಾಡಲಿಲ್ಲ.

ನಮ್ಮೂರಲ್ಲಿ ಆಟವೆಂದರೆ ಕುಸ್ತಿ, ಖೋ ಖೋ. ಉಳಿದ ವೇಳೆಯೆಲ್ಲ ಕ್ರಿಕೆಟ್. ನಮ್ಮ ಕಾಲೇಜಿಗೊಂದು ಫುಟ್‌ಬಾಲ್ ತಂಡ ಇದೆಯೆಂದು ನನಗೆ ಗೊತ್ತಾದದ್ದೇ, ಹಾಜರಾತಿ ಕೊಡಿಸಿ ಎಂದು ಹದಿಮೂರು ಹುಡುಗರು ಸಾಲಾಗಿ ಬಂದು ನಿಂತಾಗ. ಅವರ ಹಿಂದೆ ನೀರಿನ ಪೈಪು ಹಿಡಿದು ಒಬ್ಬ ಹಿರಿಯರು ನಿಂತಿದ್ದರು. ಪ್ರಿನ್ಸಿಪಾಲರ ಕೊಠಡಿಯ ಮುಂದಿನ ಕ್ರೋಟನ್ ಗಿಡಗಳಿಗೆ ನೀರು ಹಾಕುವ ಮಾಲಿಯೆಂದು ನಾನು ನಾಲ್ಕು ವರ್ಷದಿಂದ ನೋಡುತ್ತ ಬಂದವರು.

“ಇವ್ರ ನಮ್ ಕೋಚು ಮೇಡಂ” ಎಂದ ತಂಡದ ನಾಯಕ.

ನಾನು ನಕ್ಕೆ. ಅವರು ಯಾರೂ ನಗಲಿಲ್ಲ.

ವಿಷಯ ಇಷ್ಟು. ಆ ಹಿರಿಯರು ಹರಿಹರದವರು. ಅಲ್ಲಿನ ದೊಡ್ಡ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು, ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ವರ್ಷಗಟ್ಟಲೆ ಆಡಿದವರು. ಕಾರ್ಖಾನೆ ಮುಚ್ಚಿತು, ತಂಡವೂ ಮುಚ್ಚಿತು, ಅವರ ಕಾಲು ಮಾತ್ರ ಮುಚ್ಚಲಿಲ್ಲ. ಕೋಚ್ ಎಂದು ನೇಮಿಸಿಕೊಳ್ಳಲು ಡಿಪ್ಲೊಮಾ ಬೇಕು, ಅವರ ಹತ್ತಿರ ಇರಲಿಲ್ಲ. ಹಿಂದಿನ ಪ್ರಿನ್ಸಿಪಾಲರು ಒಂದು ದಾರಿ ಹುಡುಕಿ, ಹಾಜರಿ ಪುಸ್ತಕದಲ್ಲಿ ಮಾಲಿ ಎಂದು ಬರೆಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಅದನ್ನು ನೆಪದ ಹೆಸರೆಂದು ಬಿಡುತ್ತಿದ್ದರು. ಈ ಮನುಷ್ಯ ಮಾಲಿಯ ಸಂಬಳ ತಗೊಂಡ ಮೇಲೆ ಗಿಡಕ್ಕೆ ನೀರು ಹಾಕದಿದ್ದರೆ ಹೆಂಗೆ ಎಂದು, ಬೆಳಿಗ್ಗೆ ಹುಡುಗರನ್ನು ಓಡಿಸಿ, ಒಂಬತ್ತಕ್ಕೆ ಪೈಪು ಹಿಡಿಯುತ್ತಿದ್ದರು.

ತಂಡದಲ್ಲಿ ಅವರ ಓಣಿಯ ಹುಡುಗನೊಬ್ಬ ಇದ್ದ, ಅವರನ್ನು ದೊಡ್ಡಪ್ಪ ಎನ್ನುತ್ತಿದ್ದ. ಅವನಿಂದ ಇಡೀ ತಂಡಕ್ಕೆ ದೊಡ್ಡಪ್ಪ ಆದರು. ಕೊನೆಗೆ ನನಗೂ ಅದೇ ಬಾಯಿಗೆ ಬಂತು.

ಸಹಿ ಹಾಕುವವಳು ಒಮ್ಮೆಯಾದರೂ ನೋಡಬೇಕಲ್ಲ ಎಂದು ಒಂದು ದಿನ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋದೆ. ಹರಿಹರದ ಮೊದಲ ಬಸ್ಸಿಗೆ ದೊಡ್ಡಪ್ಪ ಬಂದಾಗಿತ್ತು. ಹುಡುಗರು ಚೆಂಡೇ ಇಲ್ಲದೆ ಅತ್ತಿಂದಿತ್ತ ಓಡುತ್ತ, ತಟ್ಟನೆ ತಿರುಗುತ್ತ, ಗಾಳಿಗೆ ಕೈ ತೋರಿಸುತ್ತ ಇದ್ದರು. ಇವರಿಗೇನು ಬಂತು ಎಂದುಕೊಂಡೆ.

“ಇರೋದ ಒಂದ್ ಚೆಂಡ್ರಿ ಮೇಡಂ. ಅರ್ಧ ತಾಸು ಅದನ್ನ ಚೀಲದಾಗ ಇಟ್ಟಿರ್ತೀನಿ” ಎಂದರು ದೊಡ್ಡಪ್ಪ. “ಮ್ಯಾಚ್ನಾಗ ಒಬ್ಬನ ಹತ್ರ ಚೆಂಡು ಇರ್ತೈತೆ, ಹತ್ತು ಜನದ ಹತ್ರ ಇರಲ್ಲ. ಆ ಹತ್ತು ಜನ ಏನ್ ಮಾಡ್ತಾರ ಅನ್ನೋದ ಆಟ.”

ನಮ್ಮ ಸ್ಟಾಫ್ ರೂಮಿಗೂ ಒಪ್ಪುವ ಮಾತು. ಅಲ್ಲಿಯೂ ಚೆಂಡು ಒಬ್ಬರ ಹತ್ತಿರವೇ ಇರುತ್ತದೆ, ಉಳಿದವರು ಏನು ಮಾಡುತ್ತಾರೆಂದು ನಾನು ಬಲ್ಲೆ.

ಗೋಲಿನ ಬಲೆಯನ್ನು ಅವರು ಹರಿಹರದ ಹೊಳೆಯಲ್ಲಿ ಮೀನು ಹಿಡಿಯುವವರಿಂದ ಹಳೆಯದೊಂದು ಕೇಳಿ ತಂದು ಕಟ್ಟಿದ್ದರು. ಹುಡುಗರಿಗೆಂದು ಅವರ ಮನೆಯವರು ನೆನೆಸಿದ ಶೇಂಗಾ ಮತ್ತು ಬೆಲ್ಲ ಕಟ್ಟಿ ಕಳಿಸುತ್ತಿದ್ದರು. ಮ್ಯಾಚಿನ ಹಿಂದಿನ ದಿನ ಮಿರ್ಚಿ ಮಂಡಕ್ಕಿ ಮುಟ್ಟುವ ಹಾಗಿರಲಿಲ್ಲ. ನಮ್ಮೂರ ಹುಡುಗರಿಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿಲ್ಲ. ಅಮಾವಾಸ್ಯೆಗೆ ಮಾತ್ರ ರಜೆ. ಅರ್ಧ ತಂಡ ಮನೆಯವರ ಜೊತೆ ಟ್ರ್ಯಾಕ್ಟರಿನಲ್ಲಿ ಉಕ್ಕಡಗಾತ್ರಿಯ ಗುಡಿಗೆ ಹೋಗುತ್ತಿತ್ತು.

ಆ ವರ್ಷ ಅಂತರ ಕಾಲೇಜು ಪಂದ್ಯದಲ್ಲಿ ನಮ್ಮ ಹುಡುಗರು ಗೆದ್ದುಬಿಟ್ಟರು. ಫೈನಲ್ಲಿನಲ್ಲಿ ಎದುರಿಗಿದ್ದದ್ದು ಸ್ವಂತ ಬಸ್ಸು, ಸ್ವಂತ ಡಾಕ್ಟರು ಇಟ್ಟುಕೊಂಡ ಕಾಲೇಜು. ನಮ್ಮವರು ಆಟೊದಲ್ಲಿ ಹೋಗಿ, ಒಂದು ಗೋಲು ಹೊಡೆದು, ಆಟೊದಲ್ಲಿ ಬಂದರು. ಪೇಪರಿನಲ್ಲಿ ಫೋಟೊ ಬಂತು. ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳು, ಪ್ರಿನ್ಸಿಪಾಲರು, ಕಪ್ಪು ಹಿಡಿದುಕೊಂಡ ನಾನು. ಹಿಂದೆ ಹುಡುಗರ ತಲೆಗಳು. ದೊಡ್ಡಪ್ಪನ ಮೊಣಕೈ ಬಲತುದಿಯಲ್ಲಿ ಬಂದಿತ್ತು.

ಆ ಫೋಟೊ ನೋಡಿ ಮಲೆಬೆನ್ನೂರಿನ ಅಕ್ಕಿ ಗಿರಣಿ ಮಾಲೀಕರೊಬ್ಬರು ಕಾಲೇಜಿಗೆ ಬಂದರು. ನಮ್ಮ ಹಳೆಯ ವಿದ್ಯಾರ್ಥಿ. ಎರಡು ಸಲ ಫೇಲಾದ್ದರಿಂದ ಉಳಿದವರಿಗಿಂತ ಹೆಚ್ಚು ವರ್ಷ ಇಲ್ಲಿ ಕಲಿತವರು, ಹಾಗಾಗಿ ಅಭಿಮಾನವೂ ಹೆಚ್ಚು. ಫುಟ್‌ಬಾಲಿಗೆಂದೇ ದೊಡ್ಡ ಮೊತ್ತದ ಚೆಕ್ಕು ಬರೆದರು. ನಮ್ಮ ಸಮಿತಿ ಅಷ್ಟು ಹುರುಪಿನಿಂದ ಸೇರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ದೊಡ್ಡಪ್ಪನನ್ನು ಕೇಳಿ ಒಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಎಂಟು ಚೆಂಡು, ಎಲ್ಲರಿಗೂ ಬೂಟು, ದಿನಕ್ಕೆರಡು ತತ್ತಿ, ಹಳ್ಳಿಯ ಹುಡುಗರಿಗೆ ಬಸ್ ಪಾಸು. ಓದಿ ಮುಗಿಸುವ ಮೊದಲೇ ಕಾರ್ಯದರ್ಶಿಗಳು ಕನ್ನಡಕ ತೆಗೆದರು.

“ಏನ್ರಿ ಮೇಡಂ ಇದು, ಕಿರಾಣಿ ಚೀಟಿ ತಂದೀರಿ? ನಾಳೆ ದಾನಿಗಳು ಬಂದ್ರ ಏನ್ ತೋರ್ಸಾನ? ತತ್ತಿ ಮ್ಯಾಲೆ ಅವ್ರ ಹೆಸ್ರು ಬರ್ಸಾಕ ಬರ್ತೈತೇನ್ರಿ?”

ಹೆಸರು ಬರೆಸಲು ಬರುವಂಥದ್ದು ಏನೆಂದು ಎರಡು ತಾಸು ಚರ್ಚೆಯಾಯಿತು. ಕೊನೆಗೆ ಮೈದಾನದಲ್ಲಿ ಒಂದು ಕಾಯಂ ವೇದಿಕೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಬಹುಮಾನ ಕೊಡಲು ಜಾಗ ಬೇಡವೇ? ಬಿಸಿಲು ಮುಖಕ್ಕೆ ಬೀಳದ ಹಾಗೆ ಅದನ್ನು ಒಂದು ಕಡೆಯ ಗೋಲಿನ ಜಾಗದಲ್ಲೇ ಕಟ್ಟಿದರು. ಗೋಲು ಹದಿನೈದು ಹೆಜ್ಜೆ ಮುಂದೆ ಬಂತು. ಗ್ರಾನೈಟ್ ಕಲ್ಲಿನ ಮೇಲೆ ದಾನಿಗಳ ಹೆಸರು, ಅದರ ಕೆಳಗೆ ಮಂಡಳಿಯ ಎಲ್ಲರ ಹೆಸರು. ಬಯಲಲ್ಲಿ ಓಡುವ ಹುಡುಗರಿಗೆಂದು ನಿಂತಲ್ಲೇ ಓಡುವ ಯಂತ್ರವೊಂದು ಬಂತು. ಕಾರ್ಯದರ್ಶಿಗಳು ಪಂಚೆ ಎತ್ತಿಕಟ್ಟಿ, ನಾಲ್ಕು ಹೆಜ್ಜೆ ನಡೆದು ಅದನ್ನು ಉದ್ಘಾಟಿಸಿದರು. ಸಮಿತಿಯವರಿಗೆಲ್ಲ ಬ್ಲೇಜರ್ ಹೊಲಿಸಿದರು. ನನಗೂ ಒಂದು ಬಂತು. ಬೇಡ ಎನ್ನಲಿಲ್ಲ, ಈಗಲೂ ಅಲಮಾರಿನಲ್ಲಿದೆ. ಚೆಂಡು ಎರಡು ಬಂದವು.

ಇಷ್ಟಾದ ಮೇಲೆ ಕೋಚ್ ಕೂಡ ಹೊಸಬರಿರಬೇಕಲ್ಲ. ಬೆಂಗಳೂರಿನ, ಡಿಪ್ಲೊಮಾ ಇರುವ ಯುವಕನೊಬ್ಬನನ್ನು ಗೊತ್ತು ಮಾಡಿದರು. ಮಾಲಿ ಕೆಲಸಕ್ಕೆ ಕಾರ್ಯದರ್ಶಿಗಳ ಊರಿನವನೊಬ್ಬ ಆಗಲೇ ಸಿದ್ಧನಿದ್ದ.

“ಮತ್ತೆ ನಮ್ಮ ಕೋಚು?” ಎಂದು ಕೇಳಿದೆ.

“ಯಾರು, ಮಾಲಿನಾ? ಒಂದು ಸನ್ಮಾನ ಮಾಡಿ ಕಳ್ಸಿಬಿಡಾನ ತಗೀರಿ” ಎಂದರು ಕಾರ್ಯದರ್ಶಿಗಳು.

ನಮ್ಮ ಸಂಸ್ಥೆಯಲ್ಲಿ ಒಬ್ಬರನ್ನು ಬಿಡಿಸಬೇಕಾದರೆ ಬೈಯುವುದಿಲ್ಲ, ನೋಟಿಸ್ ಕೊಡುವುದಿಲ್ಲ. ಶಾಲು ಹೊದಿಸುತ್ತೇವೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಸನ್ಮಾನ ಪತ್ರ. ಬಾಯಿಬಿಟ್ಟು ಯಾರೂ ಏನೂ ಹೇಳುವುದಿಲ್ಲ. ಸನ್ಮಾನಿತರು ಕಣ್ಣೀರು ಒರೆಸಿಕೊಂಡು, ಮರುದಿನದಿಂದ ಬರುವುದಿಲ್ಲ. ಹೀಗೆ ಇಬ್ಬರು ಗುಮಾಸ್ತರು, ಒಬ್ಬ ಲೈಬ್ರರಿಯನ್, ನನ್ನ ವಿಭಾಗದ ಮುಖ್ಯಸ್ಥರು ಶಾಲು ಹೊದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ಕಾಲೇಜಿನವರಿಗೆಲ್ಲ ಇದು ತಿಳಿದ ಭಾಷೆ. ದೊಡ್ಡಪ್ಪ ಕಾರ್ಖಾನೆಯಿಂದ ಬಂದವರು. ಅಲ್ಲಿ ಕೆಲಸ ಹೋಯಿತೆಂದರೆ ಗೇಟಿಗೆ ಬೀಗ ಬೀಳುತ್ತದೆ. ಅವರಿಗೆ ಇದು ತಿಳಿಯಲಿಲ್ಲ. ಸನ್ಮಾನ ಎಂದಾಗ ನಿಜವಾಗಿಯೂ ಹಿಗ್ಗಿದರು.

ಪತ್ರ ಬರೆಯುವ ಕೆಲಸ ನನಗೆ ಬಂತು. ಹಳೆಯ ಪತ್ರವೊಂದರಲ್ಲಿ ಹೆಸರು ಬದಲಿಸಿದರೆ ಸಾಕಿತ್ತು; ಲೈಬ್ರರಿಯನ್ನರೂ ಗುಮಾಸ್ತರೂ ಒಂದೇ ಕಲ್ಪವೃಕ್ಷ, ಒಂದೇ ಕಾಮಧೇನು ಆಗಿದ್ದರು. ನಾನು ಹಾಗೆ ಮಾಡಲಿಲ್ಲ. ಚೀಲದಲ್ಲಿಟ್ಟ ಚೆಂಡು, ಹೊಳೆಯ ಬಲೆ, ಮೊದಲ ಬಸ್ಸು, ಶೇಂಗಾ ಬೆಲ್ಲ ಎಲ್ಲವನ್ನೂ ಬರೆದೆ. ಮೇಲೆ ದೊಡ್ಡಕ್ಷರದಲ್ಲಿ ‘ಫುಟ್‌ಬಾಲ್ ತರಬೇತುದಾರರು’ ಎಂದು ಬರೆಸಿದೆ. ಕೆಲಸ ಹೋಯಿತೆಂದು ಅವರಿಗೆ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಇರಲಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿ ಬರೆದೆನೋ ಏನೋ.

ಹೊಸ ವೇದಿಕೆಯ ಮೊದಲ ಕಾರ್ಯಕ್ರಮವೇ ಅದು. ದೊಡ್ಡಪ್ಪ ಹೆಂಡತಿಯನ್ನೂ ಕರೆತಂದಿದ್ದರು. ಆಕೆ ಮುಂದಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ನಾನು ಪತ್ರ ಓದಿದೆ. ಪೇಟ ಅವರ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಎಲ್ಲ ಮುಗಿಯಿತು ಎನ್ನುವಾಗ ಅವರು ಮೈಕ್ ಕೇಳಿ ಇಸಿದುಕೊಂಡರು.

“ನಾಳೆ ಆರಕ್ಕ ಎಲ್ರೂ ಬರ್ರಪ್ಪ. ದೊಡ್ಡಪ್ಪಗ ಸನ್ಮಾನ ಆತು ಅಂತ ಯಾರೂ ಮಲ್ಕಾಬ್ಯಾಡ್ರಿ. ಬಲಗಡೆ ಆಡೋರು ಇನ್ನೂ ಭಾಳ ನಿಧಾನ ಅದಾರ.”

ಹುಡುಗರು ಶಿಳ್ಳೆ ಹೊಡೆದರು. ಕಾರ್ಯದರ್ಶಿಗಳು ಪ್ರಿನ್ಸಿಪಾಲರ ಮುಖ ನೋಡಿದರು, ಪ್ರಿನ್ಸಿಪಾಲರು ನನ್ನ ಮುಖ ನೋಡಿದರು, ನಾನು ಹಣ್ಣಿನ ಬುಟ್ಟಿ ನೋಡಿದೆ. ಕೆಳಗಿಳಿಯುವಾಗ ಅವರ ಪಕ್ಕದಲ್ಲೇ ಇದ್ದೆ. ಹೇಳಬಹುದಿತ್ತು, ಹೇಳಲಿಲ್ಲ. ವಂದನಾರ್ಪಣೆ ಮುಗಿಸಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರ ಫೋನು. “ಅವರು ಬಂದಿದ್ದಾರಂತೆ ಮೇಡಂ. ನೀವೇ ಹೋಗಿ ಹೇಳಿಬಿಡಿ, ನಿಮ್ಮ ಮಾತು ಕೇಳ್ತಾರೆ.” ಹೋಗಿ ನೋಡಿದರೆ ಮೈದಾನದಲ್ಲಿ ಹೊಸ ಕೋಚ್ ಪ್ಲಾಸ್ಟಿಕ್ ಕೋನ್ ಜೋಡಿಸುತ್ತಿದ್ದ. ದೊಡ್ಡಪ್ಪ ಗೇಟಿನ ಹತ್ತಿರ ನಿಂತು, ಇವನ್ಯಾರು ಎನ್ನುವ ಹಾಗೆ ನೋಡುತ್ತಿದ್ದರು. ನಾನು ಹೇಳಿದೆ.

“ಅಲ್ರಿ, ನಿನ್ನೆ ಶಾಲು ಹೊದ್ಸಿದ್ರಲ್ಲ?” ಎಂದರು.

“ಅದಕ್ಕೇ ಹೊದಿಸಿದ್ದು” ಎಂದೆ.

ಅವರು ಮೈದಾನದ ಕಡೆ ಇನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ ಶೇಂಗಾ ಬೆಲ್ಲದ ಗಂಟನ್ನು ನನ್ನ ಕೈಗೆ ಕೊಟ್ಟು, “ಹುಡುಗ್ರಿಗೆ ಕೊಡ್ರಿ, ಇಲ್ಲಾಂದ್ರ ಹುಳಿ ಆಗ್ತೈತೆ” ಎಂದು ಬಸ್ ನಿಲ್ದಾಣದ ಕಡೆ ನಡೆದರು. ನಾನು ಹುಡುಗರಿಗೆ ಹಂಚಿದೆ. ಯಾರೂ ನನ್ನ ಮುಖ ನೋಡಿ ತೆಗೆದುಕೊಳ್ಳಲಿಲ್ಲ.

ಹೊಸ ಕೋಚ್ ಕೆಟ್ಟವನಲ್ಲ, ಆಟ ತಿಳಿದವನೇ. ಬಂದ ವಾರವೇ, “ಗ್ರೌಂಡ್ ಅಳತೆ ಸರಿ ಇಲ್ಲ ಮೇಡಂ, ಸ್ಟೇಜ್ ತೆಗೀಬೇಕು” ಎಂದ. ಗ್ರಾನೈಟಿನ ಮೇಲೆ ಇಪ್ಪತ್ತು ಹೆಸರಿದ್ದ ಸ್ಟೇಜನ್ನು ಯಾರು ತೆಗೆಯುತ್ತಾರೆ? ಚಿಕ್ಕ ಮೈದಾನದಲ್ಲಿ ಆಡಿ ಆಡಿ ಹುಡುಗರ ಉಸಿರಿಗೂ ಅಷ್ಟೇ ಅಳತೆ ಬಂತು. ಮುಂದಿನ ವರ್ಷ ಅದೇ ಎದುರಾಳಿ, ಪೂರ್ತಿ ಅಳತೆಯ ಮೈದಾನ. ಅರ್ಧ ಆಟದ ಮೇಲೆ ನಮ್ಮವರು ಸೊಂಟ ಹಿಡಿದು ನಿಂತರು. ಐದು ಗೋಲು ಬಿದ್ದವು. ನಾವು ಬ್ಲೇಜರ್ ಹಾಕಿಕೊಂಡು ಸಾಲಾಗಿ ಕೂತು ನೋಡಿದೆವು. ವೇದಿಕೆಯ ಟೈಲ್ಸಿಗೆ ಹಣ ಮೀರಿದ್ದರಿಂದ ಕೋಚ್ ಸಂಬಳ ಮೂರು ತಿಂಗಳಿಂದ ನಿಂತಿತ್ತು. ಅವನು ತಾನಾಗಿಯೇ ಹೋದ, ಒಂದು ಶಾಲು ಉಳಿಯಿತು. ಸೋಲಿಗೆ ಕಾರಣ ಅನುದಾನದ ಕೊರತೆ ಎಂದು ಸಮಿತಿ ವರದಿ ಕೊಟ್ಟಿತು. ಸಹಿ ನನ್ನದೇ.

ಇದಾಗಿ ಒಂದು ತಿಂಗಳಿಗೆ ದೊಡ್ಡಪ್ಪ ಬಂದರು. ಕಟ್ಟಿನಿಂದ ಬಿಚ್ಚಿದ ಸನ್ಮಾನ ಪತ್ರ ಪ್ಲಾಸ್ಟಿಕ್ ಕವರಿನಲ್ಲಿತ್ತು. ಹರಿಹರದ ಒಂದು ಶಾಲೆಯವರು ಮಕ್ಕಳಿಗೆ ಫುಟ್‌ಬಾಲ್ ಕಲಿಸಲು ಕರೆದಿದ್ದರಂತೆ, ಆದರೆ ಹಿಂದೆ ಕೋಚ್ ಆಗಿದ್ದುದಕ್ಕೆ ಕಾಗದ ಕೇಳಿದ್ದರಂತೆ. “ನಿಮ್ ಪುಸ್ತಕದಾಗ ನಾನು ಮಾಲಿ. ಕೋಚ್ ಅಂತ ಬರ್ದಿರೋದು ಇದೊಂದ ಐತೆ. ಕಾಲೇಜಿನ ಸೀಲ್ ಹಾಕ್ಸಿ ಕೊಡ್ರಿ ಮೇಡಂ. ಸೀಲ್ ಇಲ್ದಿದ್ರ ಒಪ್ಪಂಗಿಲ್ಲ ಅಂತಾರ.”

ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಪ್ರಿನ್ಸಿಪಾಲರು ಪತ್ರ ಓದಿದರು. “ಬರೆದಿದ್ದು ಚೆನ್ನಾಗಿದೆ ಮೇಡಂ. ಆದ್ರೆ ಸೀಲ್ ಹಾಕಿದ್ರೆ, ಡಿಪ್ಲೊಮಾ ಇಲ್ಲದವರನ್ನ ಕೋಚ್ ಮಾಡಿದ್ವಿ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ. ಸನ್ಮಾನ ಪತ್ರಾನ ಯಾರಾದ್ರೂ ದಾಖಲೆ ಅಂತಾರಾ? ಅದು ಸುಮ್ನೆ ಓದೋಕೆ.”

ಕ್ರೀಡಾ ಸಮಿತಿಗೆಂದು ಬೇರೊಂದು ಸೀಲಿತ್ತು. ಹೊರಗೆ ಬಂದವಳು ದೊಡ್ಡಪ್ಪನನ್ನು ನನ್ನ ಮೇಜಿನ ಹತ್ತಿರ ಕರೆದೊಯ್ದು, ಡ್ರಾಯರಿನಿಂದ ಅದನ್ನು ತೆಗೆದು ಪತ್ರದ ಕೆಳಗೆ ಒತ್ತಿದೆ. ಸಹಿ ಹಾಕಿದೆ, ತಾರೀಕು ಬರೆದೆ. ದೊಡ್ಡ ಕೆಲಸ ಮಾಡಿದವಳ ಹಾಗೆ ಎದೆ ಉಬ್ಬಿತ್ತು.

ಶಾಯಿ ಒಣಗಲೆಂದು ಅವರು ಪತ್ರವನ್ನು ಫ್ಯಾನಿನ ಕೆಳಗೆ ಹಿಡಿದು ನಿಂತರು. ನಿಂತಲ್ಲೇ ಇನ್ನೊಮ್ಮೆ ಓದಿಕೊಂಡರು.

“ಮೇಡಂ, ಒಂದು ಕೇಳ್ತೀನಿ. ಇದ್ರಾಗ ಬರ್ದಿದ್ದೆಲ್ಲ ಖರೇನಾ, ಇಲ್ಲ ಸನ್ಮಾನಕ್ಕ ಅಂತ ಬರ್ದಿದ್ದಾ?”

“ಒಂದಕ್ಷರ ಸುಳ್ಳಿಲ್ಲ ದೊಡ್ಡಪ್ಪ. ಎಲ್ಲಾ ನಾನು ಕಣ್ಣಾರೆ ಕಂಡದ್ದೇ.”

“ಹಂಗಾರ ಅವತ್ತು ಯಾಕ ಸುಮ್ನಿದ್ರಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ಅಧಿಕಾರ, ಹೊಣೆಗಾರಿಕೆ ಎಂದು ದಿನಾ ಗಂಟೆಗಟ್ಟಲೆ ಪಾಠ ಹೇಳುವ ನಾನು ಸೀಲನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದೆ. ಅವರು ಪತ್ರವನ್ನು ಕವರಿನೊಳಗೆ ಸರಿಸಿ, “ಇರ್ಲಿ ಬಿಡ್ರಿ, ಬಸ್ ಹೊತ್ತಾಗ್ತೈತೆ” ಎಂದು ಮೆಟ್ಟಿಲಿಳಿದು ಹೋದರು.