ಶೇಂಗಾ ಬಿಟ್ಟ ಮನೆಯಲ್ಲಿ ಹಿಂಡಿ

...ಅಥವಾ ಆ ಸಾಕ್ಸ್ ಬಿಳಿಯದಲ್ಲ, ನೀಲಿಯದೇ ಇರಬೇಕು. ಎಂಟು ವರ್ಷದಿಂದ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಮಗಳು ಗೌರಿಗೆ ಆಗ ಮೂರು ವರ್ಷ. ತುರಿಸಿ ರಕ್ತ ಬರಿಸಿಕೊಳ್ಳಬಾರದೆಂದು ಬೈಲಹೊಂಗಲದ ಬಿಸಿಲಿನಲ್ಲಿ ಅವಳ ಕೈಗೆ ಸಾಕ್ಸ್ ತೊಡಿಸಿದ್ದೆ. ಇಷ್ಟು ಮಾತ್ರ ಖಾತ್ರಿ.

ಇಸುಬು. ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ, ಕುತ್ತಿಗೆಗೆ. ಮುಲಾಮು ಹಚ್ಚಿದರೆ ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು. (ಓಣಿಯವರ ಪ್ರಕಾರ ಬದನೆ, ಕುಂಬಳ, ಮೊಸರು, ನಾನು ಬಸಿರಿನಲ್ಲಿ ತಿಂದ ಹುಣಸೆ, ಎಲ್ಲವೂ ನಂಜು. ಎಲ್ಲ ಬಿಡಿಸಿದೆ. ಕೂಸು ಸೊರಗಿತು, ತುರಿಕೆ ಸೊರಗಲಿಲ್ಲ.)

ಬೆಳಗಾವಿಯ ಡಾಕ್ಟರ್ ಬೈದರು. "ಚರ್ಮ ಅಷ್ಟ ನೋಡಬ್ಯಾಡ್ರಿ, ಹೊಟ್ಟಿನೂ ನೋಡ್ರಿ. ಒಂದ ಬಿಡಸ್ರಿ, ಉಳದದ್ದೆಲ್ಲಾ ತಿನಸ್ರಿ."

ಮುಲಾಮು ನಿಲ್ಲಿಸಬೇಡಿ, ಶೇಂಗಾ ನಿಲ್ಲಿಸಿ, ಮಜ್ಜಿಗೆ ಕೊಡಿ, ತಿಂದದ್ದನ್ನು ಬರೆದಿಡಿ ಎಂದರು. ಕ್ಯಾಲೆಂಡರಿನ ಚೌಕಗಳಲ್ಲಿ ಬರೆದೆ. ಮೂರು ವಾರ. ಬದಲಾವಣೆ ಸೊನ್ನೆ.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಅತ್ತೆ ಗೌರಿಗೆ ರೊಟ್ಟಿ ತಿನ್ನಿಸುತ್ತಿದ್ದರು. ರೊಟ್ಟಿಯ ಮೇಲೆ ಕೆಂಪಗೆ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಮೇಲೊಂದಿಷ್ಟು ಎಣ್ಣೆ.

"ಅತ್ತಿ, ಶೇಂಗಾ ಕೊಡಬ್ಯಾಡ್ರಿ ಅಂದಿದ್ನಲ್ರಿ."

"ಶೇಂಗಾ ಎಲ್ಲಿ ಕೊಟ್ಟೇನವಾ? ಹಿಂಡಿ ಹಚ್ಚೇನಿ. ಹಿಂಡಿ ಇಲ್ದ ರೊಟ್ಟಿ ಹೆಂಗ ಇಳೀತದ ಗಂಟಲಾಗ?"

ಸಿಟ್ಟು ನೆತ್ತಿಗೇರಬೇಕಿತ್ತು. ಆದರೆ ಆ ಬೆಳಿಗ್ಗೆ ಹೀರೇಕಾಯಿ ಪಲ್ಲೆಗೆ ಒಂದು ಹಿಡಿ ಶೇಂಗಾ ಪುಡಿ ಹಾಕಿದವಳು ನಾನೇ. ಕ್ಯಾಲೆಂಡರಿನಲ್ಲಿ ಬರೀ 'ಪಲ್ಲೆ' ಎಂದು ಬರೆದವಳೂ ನಾನೇ. ನಮ್ಮ ಕಡೆ ಶೇಂಗಾ ಪುಡಿಯನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಉಪ್ಪಿನ ಹಾಗೆ ಅದು.

ಮರುದಿನದಿಂದ ನಾನು ಪಲ್ಲೆಗೆ ಪುಡಿ ಹಾಕುವುದನ್ನು ಬಿಟ್ಟೆ; ಅತ್ತೆ ಹಿಂಡಿಯ ಡಬ್ಬಿಯನ್ನು ಪಕ್ಕದ ಮನೆಯ ಫಾತಿಮಾ ಚಾಚಿಗೆ ಕೊಟ್ಟು ಬಂದರು. ಹಲ್ಲು ಬಂದಾಗಿನಿಂದ ತಿಂದ ಹಿಂಡಿಯನ್ನು ತಾವೂ ಬಿಟ್ಟರು. "ಕೂಸಿನ ಕಣ್ಣೆದ್ರಿಗೆ ನಾ ಹೆಂಗ ತಿನ್ಲಿ?" ಎಂದು ಚಾಚಿಗೆ ಹೇಳಿದರಂತೆ.

ಎರಡು ತಿಂಗಳಾಗಿರಬೇಕು. (ಮೂರೋ?) ಗೌರಿಯ ಮೊಣಕೈ ಮಡಿಕೆ ಕೆನೆಯ ಹಾಗೆ ನುಣುಪಾಯಿತು. ಅತ್ತೆ ಅಲ್ಲಿ ಬೆರಳಾಡಿಸಿದರು, ಮತ್ತೆ ಆಡಿಸಿದರು. ಹೊಟ್ಟೆಯ ಸುದ್ದಿಯನ್ನು ಮೊಣಕೈಗೆ ಒಯ್ಯುವವರು ಯಾರು?

ಕಳೆದ ವಾರ ಪಂಚಮಿಗೆ ಅತ್ತೆಯನ್ನೂ ಕರೆದುಕೊಂಡು ಸವದತ್ತಿಯ ನಾದಿನಿಯ ಮನೆಗೆ ಹೋಗಿದ್ದೆವು. ಹನ್ನೊಂದರ ಗೌರಿ ಎರಡು ಶೇಂಗಾ ಉಂಡಿ ತಿಂದಳು. (ಡಾಕ್ಟರ್ ಮೊದಲೇ ತಮ್ಮೆದುರು ತಿನ್ನಿಸಿ ನೋಡಿ, ಅಡ್ಡಿಯಿಲ್ಲ ಅಂದಿದ್ದರು.) ಮೊಣಕೈ ನುಣುಪಾಗಿಯೇ ಇದೆ.

ಹಾಗಾದರೆ ವಾಸಿಮಾಡಿದ್ದು ಯಾವುದು? ಹಿಂಡಿ ಬಿಟ್ಟದ್ದೇ? ಮಜ್ಜಿಗೆಯೇ, ಮುಲಾಮೇ, ಬರೀ ವಯಸ್ಸೇ? ಡಾಕ್ಟರಿಗೂ ಖಾತ್ರಿಯಿಲ್ಲ.

ಉಂಡಿಯ ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದೆ. ಅವರು ಈಗಲೂ ಮುಟ್ಟಲಿಲ್ಲ. ಯಾಕೆ, ನನಗೆ ಗೊತ್ತಿಲ್ಲ.